ಹಳ್ಳದ ಚೀಟಿ ಅಂಟಿಸಿದ ಬಾಟಲಿ

ಪರೀಕ್ಷೆಗೆ ಹಳ್ಳದ ನೀರು ತುಂಬಿಕೊಂಡು ಬಾ ಎಂದು ಸರ್ಕಾರಿ ಕಚೇರಿಯವರು ನನ್ನ ಕೈಗೆ ಬಾಟಲಿ ಕೊಟ್ಟಿದ್ದರು. ನಾನು ತುಂಬಲಿಲ್ಲ. ಬಸ್ ಸ್ಟಾಪಿನ ಪಕ್ಕದ ತೋಟದ ಬೋರ್‌ವೆಲ್ ನೀರು ತುಂಬಿ, ಮೇಲೆ ಹಳ್ಳದ ಚೀಟಿ ಅಂಟಿಸಿ ಕೊಟ್ಟೆ. ಒಂದು ಸಲವಲ್ಲ, ಒಂದು ವರ್ಷಕ್ಕೂ ಹೆಚ್ಚು ಕಾಲ. ಅದರಿಂದಾಗಿ ನನ್ನ ಅಕ್ಕ, ರೇಷ್ಮೆ ಹುಳ ಸಾಯುತ್ತಿರುವುದು ತನ್ನ ಕೈಯಿಂದಲೇ ಎಂದು ನಂಬಿಬಿಟ್ಟಳು. ಆರು ವರ್ಷ ಹಾಗೆಯೇ ಬದುಕಿದಳು. ನಿಜ ಏನೆಂದು ಗೊತ್ತಿದ್ದವನು ನಾನೊಬ್ಬನೇ. ನಾನು ಬಾಯಿ ಬಿಡಲಿಲ್ಲ.

ನನ್ನ ಓದು ಆರನೇ ತರಗತಿಯವರೆಗೆ. ಆದರೆ ಹನ್ನೊಂದು ವರ್ಷ ದಿನಕ್ಕೆರಡು ಸಲ ಪುಸ್ತಕದಲ್ಲಿ ಅಂಕಿ ಬರೆದಿದ್ದೇನೆ. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು ಎಂದು ನನಗೆ ಆ ಕೆಲಸದಲ್ಲಿ ಹೇಳಿಕೊಟ್ಟಿದ್ದರು. ಇದನ್ನಾದರೂ ಹಾಗೆ ಬರೆಯುತ್ತೇನೆ.

ನಮ್ಮೂರು ರಾಮನಗರದಿಂದ ಕನಕಪುರಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಂದು ಮೈಲಿ ಒಳಗೆ. ಊರಿಗೂ ಶಾಲೆಗೂ ನಡುವೆ ಹಳ್ಳ. ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಅವಳನ್ನು ಶಾಲೆಗೆ ಹಾಕಿರಲಿಲ್ಲ, ಆದರೆ ನನ್ನನ್ನು ಶಾಲೆಗೆ ದಾಟಿಸುವ ಕೆಲಸ ಅವಳದು. ಮಳೆಗಾಲದಲ್ಲಿ ಮೊದಲು ತಾನೊಬ್ಬಳೇ ಹಳ್ಳಕ್ಕೆ ಇಳಿಯುತ್ತಿದ್ದಳು. ನೀರು ಮೊಣಕಾಲಿಗೆ ಬಂದರೆ ನಾನು ಅವಳ ಕೈ ಹಿಡಿದು ನಡೆಯಬೇಕು. ತೊಡೆಗೆ ಬಂದರೆ ಅವಳ ಬೆನ್ನೇರಬೇಕು. ಸೊಂಟಕ್ಕೆ ಬಂದರೆ ನಡು ನೀರಿನಿಂದಲೇ ತಿರುಗಿ, "ಇವತ್ತು ನಿಂಗೆ ರಜಾ ಕಣ್ಲಾ" ಎಂದು ನಗುತ್ತಿದ್ದಳು. ನೀರಿನ ಮಟ್ಟ ಎಂದರೆ ಏನೆಂದು ನಾನು ಮೊದಲು ನೋಡಿದ್ದು ಅಕ್ಕನ ಮೈ ಮೇಲೆ.

ಅಪ್ಪ ತೀರಿಕೊಂಡ ಮೇಲೆ ಶಾಲೆ ನಿಂತಿತು. ನನಗೆ ಇಪ್ಪತ್ತು ದಾಟಿದ್ದಾಗ ಒಂದು ದಿನ ಜೀಪಿನಲ್ಲಿ ನೀರು ಅಳೆಯುವ ಸರ್ಕಾರಿ ಕಚೇರಿಯವರು ಬಂದು, ನಮ್ಮ ಹೊಲದ ಅಂಚಿನಲ್ಲಿ ಹಳ್ಳಕ್ಕೆ ಮೂರು ಸಿಮೆಂಟಿನ ಕಂಬ ನೆಟ್ಟರು. ಕಂಬಗಳಿಗೆ ಬಿಳಿ ಕಪ್ಪು ಗೆರೆಗಳ ಕಬ್ಬಿಣದ ಪಟ್ಟಿ, ಕೆಂಪು ಅಂಕಿ. ನೀರು ಎಷ್ಟು ನಿಂತಿದೆ ಎಂದು ದಿನಾ ನೋಡಿ ಬರೆಯಲು ಹತ್ತಿರದಲ್ಲಿ ಒಬ್ಬ ಬೇಕಾಗಿತ್ತು. ಅಂಕಿ ಬರೆಯಲು ಬರುತ್ತಾ ಎಂದು ಕೇಳಿದರು. ಬರುತ್ತದೆ ಎಂದೆ. ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ. ನಿಂತು ನೋಡಬಾರದು, ಕುಕ್ಕರಗಾಲಲ್ಲಿ ಕೂತು ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಬೇಕು. ಅಲೆ ಇದ್ದರೆ ಮೇಲಿನದನ್ನೂ ಕೆಳಗಿನದನ್ನೂ ನೋಡಿ ನಡುವಿನದನ್ನು ಬರೆಯಬೇಕು. ಊರಿನವರು ನನಗೆ 'ನೀರ್ ಸಾಹೇಬ್ರು' ಎಂದು ಹೆಸರಿಟ್ಟರು. ತಮಾಷೆಗೆ ಅಂದದ್ದು. ನನಗೆ ಒಳಗೊಳಗೇ ಹಿಗ್ಗು.

ಆ ಹೊತ್ತಿಗೆ ಅಕ್ಕ ತವರಿಗೆ ವಾಪಸು ಬಂದಿದ್ದಳು. ಗಂಡ ಬೇರೊಬ್ಬಳ ಜೊತೆ ಸಂಸಾರ ಹೂಡಿದ್ದ. ಅದರ ಬಗ್ಗೆ ಅವಳು ಅಳುವುದನ್ನು ನಾನು ನೋಡಲಿಲ್ಲ. ನನ್ನ ಹಿಂದೆ ಹಳ್ಳಕ್ಕೆ ಬಂದು, "ಅದೇನು ಗೆರೆ, ನಂಗೂ ಒಸಿ ಹೇಳ್ಕೊಡ್ಲಾ" ಎಂದು ಕೂತಳು. ಹತ್ತು ದಿನದಲ್ಲಿ ಅಂಕಿ ಗುರುತು ಹಿಡಿಯಲು ಕಲಿತಳು. ಬರೆಯಲು ಮಾತ್ರ ಕೈ ಬಗ್ಗಲಿಲ್ಲ.

ಒಂದು ಮಳೆಗಾಲ ನನಗೆ ಜ್ವರ. ನೆನ್ನೆಯದನ್ನೇ ಬರೆದುಬಿಡುತ್ತೇನೆ ಎಂದೆ. ಅಕ್ಕ ಗೋಣಿಚೀಲ ತಲೆಗೆ ಹಾಕಿಕೊಂಡು ಹೋಗಿಯೇಬಿಟ್ಟಳು. ನೋಡಿದ ಅಂಕಿ ಮರೆತುಹೋಗದಿರಲಿ ಎಂದು "ಒಂದು ನಾಕು ಎಲ್ಡು, ಒಂದು ನಾಕು ಎಲ್ಡು" ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಮನೆಗೆ ಬಂದಳು. ದಾರಿಯಲ್ಲಿ ಪಕ್ಕದ ಹೊಲದಾತ ಏನವ್ವಾ ಎಂದು ಮಾತಾಡಿಸಿದ್ದಾನೆ, ಇವಳು ತಿರುಗಿಯೂ ನೋಡಿಲ್ಲ. ಅವನು ಹಿಂದೆಯೇ ನಮ್ಮ ಬಾಗಿಲಿಗೆ ಬಂದ.

"ಏನ್ಲಾ, ನಿಮ್ಮಕ್ಕಂಗೆ ಇಷ್ಟು ಜಂಬ ಬಂದ್ಬುಟ್ಟೈತಾ? ಮಾತಾಡ್ಸಿದ್ರೆ ಕಂದಾಯ ಕೇಳ್ದಂಗೆ ಮುಖ ತಿರುಗಿಸ್ಕೊಂಡು ಓಯ್ತಾಳೆ!"

ಅಕ್ಕ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿ, "ಮೊದ್ಲು ಬರ್ಕೊ, ಒಂದು ನಾಕು ಎಲ್ಡು" ಎಂದಳು. ನಾನು ಬರೆದುಕೊಂಡ ಮೇಲೆ ಅವನ ಕಡೆ ತಿರುಗಿ, "ಈಗ ಹೇಳಣ್ಣ, ಏನ್ ಸಮಾಚಾರ?" ಎಂದಳು. ಒಂದು ಮೀಟರು ನಲವತ್ತೆರಡು. ಆ ಪುಸ್ತಕದಲ್ಲಿ ಅವಳ ಅಂಕಿ ಇನ್ನೂ ಇರಬೇಕು.

ತಿಂಗಳಿಗೊಮ್ಮೆ ಎಂಜಿನಿಯರ್ ಸಾಹೇಬರು ಬಂದು ನೀರಿನ ವೇಗ ನೋಡುತ್ತಿದ್ದರು. ಉದ್ದನೆಯ ಸರಳಿನ ತುದಿಯಲ್ಲಿ ಪುಟ್ಟ ಪುಟ್ಟ ಹಿತ್ತಾಳೆ ಬಟ್ಟಲುಗಳ ಚಕ್ರ. ನೀರಿಗೆ ಇಳಿಸಿದರೆ ಸೆಳವಿಗೆ ತಿರುಗುತ್ತದೆ. ಸಾಹೇಬರು ಕಿವಿಗೆ ಇಯರ್‌ಫೋನ್ ಇಟ್ಟುಕೊಂಡು, ಗಡಿಯಾರ ನೋಡುತ್ತಾ ಅದರ ಟಿಕ್ ಟಿಕ್ ಎಣಿಸುತ್ತಿದ್ದರು. ಅಕ್ಕ ದಡದಲ್ಲಿ ಸೊಪ್ಪಿನ ಹೊರೆ ಇಳಿಸಿ ನೋಡಿದಳು.

"ಏನ್ ಸಾಮಿ, ಹಳ್ಳದ ನಾಡಿ ನೋಡ್ತಿದ್ದೀರಾ?"

ಸಾಹೇಬರು ಎಣಿಕೆ ತಪ್ಪಿ ನಕ್ಕುಬಿಟ್ಟರು. ಇನ್ನೊಮ್ಮೆ ಮೊದಲಿನಿಂದ ಎಣಿಸಬೇಕಾಯಿತು. ಆಮೇಲೆ ಅವರು ಬಂದಾಗಲೆಲ್ಲ, "ಎಲ್ಲಿ ನಮ್ಮ ಡಾಕ್ಟರಮ್ಮ?" ಎಂದು ಕೇಳುತ್ತಿದ್ದರು.

ಅಕ್ಕನ ಹೆಚ್ಚುಗಾರಿಕೆ ಇದ್ದದ್ದು ರೇಷ್ಮೆ ಹುಳದಲ್ಲಿ. ನಮ್ಮ ಕಡೆ ಮರಿಹುಳ ಮನೆಗೆ ತಂದ ದಿನ ಮೊದಲ ಸೊಪ್ಪು ಯಾರು ಹಾಕಬೇಕು ಎಂಬುದಕ್ಕೆ ಬಹಳ ಲೆಕ್ಕಾಚಾರ. ಕೈಗುಣ ಇದ್ದವರು ಹಾಕಿದರೆ ಬೆಳೆ ಚೆನ್ನಾಗಿ ಬರುತ್ತದೆ. ಹುಳದ ಮನೆಗೆ ಯಾರು ಯಾರೋ ಕಾಲಿಡುವಂತಿಲ್ಲ. ಮುಟ್ಟಾದವರು, ಸಾವಿನ ಮನೆಗೆ ಹೋಗಿ ಬಂದವರು, ಕಣ್ಣು ಕೆಟ್ಟದ್ದು ಅನಿಸಿಕೊಂಡವರು ಯಾರೂ ಬರಕೂಡದು. ಅಕ್ಕನದು ಊರಿಗೇ ಒಳ್ಳೆಯ ಕೈ. ಆಚೆ ಬೀದಿಯವರು ಅರಿಶಿನ ಕುಂಕುಮ ಕೊಟ್ಟು ಕರೆದುಕೊಂಡು ಹೋಗುತ್ತಿದ್ದರು. ಅವಳು ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಬೆರಳ ಸಂದಿಯಿಂದ ಉಪ್ಪು ಉದುರಿಸುವ ಹಾಗೆ ತಟ್ಟೆಯ ಮೇಲೆ ಉದುರಿಸುತ್ತಿದ್ದಳು. ಗಂಡ ಬಿಟ್ಟವಳು ಎಂದು ಮದುವೆ ಮನೆಯಲ್ಲಿ ಮೂಲೆಯಲ್ಲಿ ಕೂರುತ್ತಿದ್ದ ಅಕ್ಕ, ಹುಳದ ಮನೆಯಲ್ಲಿ ತಲೆ ಎತ್ತಿ ಓಡಾಡುತ್ತಿದ್ದಳು. ಅವಳಿಗೆ ಊರಿನಲ್ಲಿ ಇದ್ದ ಮರ್ಯಾದೆ ಅದೊಂದೇ.

ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷಕ್ಕೆ ಹಳ್ಳದ ಮೇಲ್ಗಡೆ ಶೆಡ್ಡುಗಳು ಎದ್ದವು. ರಾಗಿ ಹೊಲಗಳಿಗೆ ತಂತಿ ಬೇಲಿ ಬಂತು, ಲಾರಿಗಳು ಬಂದವು. ಒಂದು ಶೆಡ್ಡಿನಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಾರೆ ಎಂದರು, ಇನ್ನೊಂದರಲ್ಲಿ ಏನು ಮಾಡುತ್ತಿದ್ದರೋ ಗೊತ್ತಿಲ್ಲ. ಅಲ್ಲಿಂದ ಒಂದು ಮೋರಿ ನಮ್ಮ ಹಳ್ಳಕ್ಕೆ ಬಂದು ಸೇರಿತು. ಅಳತೆ ಪಟ್ಟಿಯ ಮೇಲೆ ಮೊದಲು ಪಾಚಿಯ ಹಸಿರು ಗೆರೆ ಇರುತ್ತಿತ್ತು. ಈಗ ಅದರ ಜಾಗದಲ್ಲಿ ಕಂದು ಬಣ್ಣದ ಜಿಡ್ಡು. ನಾನು ತೆಂಗಿನ ನಾರಿನಿಂದ ಉಜ್ಜಿ ಅಂಕಿ ಕಾಣುವ ಹಾಗೆ ಮಾಡಿ, ಮಟ್ಟ ಬರೆದುಕೊಂಡು ಬರುತ್ತಿದ್ದೆ. ನೀರು ಎಷ್ಟಿದೆ ಎಂದು ಬರೆಯಲು ಪುಸ್ತಕದಲ್ಲಿ ಜಾಗವಿತ್ತು. ಹೇಗಿದೆ ಎಂದು ಬರೆಯಲು ಇರಲಿಲ್ಲ.

ಸಾಹೇಬರಿಗೂ ಅನುಮಾನ ಬಂದಿರಬೇಕು. ನನಗೆ ಪ್ಲಾಸ್ಟಿಕ್ ಬಾಟಲಿಗಳನ್ನು ಕೊಟ್ಟು ಹೇಳಿದರು: "ಹದಿನೈದು ದಿನಕ್ಕೊಂದು ತುಂಬಿಸಿ ರಾಮನಗರದ ಕಚೇರಿಗೆ ತಂದ್ಕೊಡಪ್ಪ. ಅಲ್ಲಿಂದ ಪರೀಕ್ಷೆಗೆ ಕಳಿಸ್ತೀವಿ. ಅದೇ ನೀರಲ್ಲಿ ಮೂರು ಸಲ ತೊಳೀಬೇಕು. ನಡು ಹಳ್ಳದಲ್ಲಿ, ಮೊಣಕಾಲುದ್ದ ನೀರಲ್ಲಿ ನಿಂತು ತುಂಬ್ಬೇಕು. ಗುಳ್ಳೆ ಇರಬಾರ್ದು. ಒಳಮುಚ್ಚಳ ಹಾಕಿ, ಮೇಲೆ ಹೊರಮುಚ್ಚಳ ಬಿಗೀಬೇಕು."

ಮೊದಲ ಬಾಟಲಿಯನ್ನು ಹೇಳಿದ ಹಾಗೆಯೇ ತುಂಬಿದೆ. ಆದರೆ ಒಳಮುಚ್ಚಳ ಕೈ ಜಾರಿ ಹಳ್ಳದಲ್ಲಿ ತೇಲಿಹೋಯಿತು. ಹೊರಮುಚ್ಚಳವನ್ನಷ್ಟೇ ಬಿಗಿದು, ಚೀಲದಲ್ಲಿಟ್ಟುಕೊಂಡು ಬಸ್ ಹತ್ತಿದೆ. ಮಾರುಕಟ್ಟೆಗೆ ರೇಷ್ಮೆ ಗೂಡು ಹಾಕಿಕೊಂಡು ಹೋಗುವವರಿಂದ ಬಸ್ಸು ತುಂಬಿತ್ತು. ಎರಡು ಸ್ಟಾಪು ಕಳೆಯುವುದರೊಳಗೆ ಚೀಲ ಒದ್ದೆಯಾಯಿತು. ಕೊಳೆತ ಮೊಟ್ಟೆಯ ಹಾಗೆ ನಾತ. ಹೆಂಗಸರು ಸೆರಗು ಮೂಗಿಗೆ ಹಿಡಿದರು.

"ಯಾವನ್ಲಾ ಅವ್ನು, ಹೆಗ್ಗಣ ಕಟ್ಕೊಂಡು ಬಸ್ ಹತ್ತಿರೋನು?" ಎಂದು ಕಂಡಕ್ಟರ್ ಕೂಗಿದ.

"ಸರ್ಕಾರಿ ನೀರು ಸಾರ್, ಪರೀಕ್ಷೆಗೆ," ಎಂದೆ.

"ಪರೀಕ್ಷೆ ಏನ್ ಬಂತು? ನನ್ ಮೂಗೇ ಫೇಲ್ ಮಾಡ್ಬುಡ್ತು!"

ಇಡೀ ಬಸ್ಸು ನಕ್ಕಿತು. ಗೂಡಿನ ಚೀಲ ತಬ್ಬಿಕೊಂಡಿದ್ದ ಒಬ್ಬರು ಮಾತ್ರ ನಗಲಿಲ್ಲ. "ನನ್ ಗೂಡಿಗೆ ವಾಸ್ನೆ ಹಿಡಿದ್ರೆ ನೀನ್ ತಗೋತೀಯೇನಪ್ಪ?" ಎಂದರು. ಕಂಡಕ್ಟರ್ ನನ್ನನ್ನು ನಡುದಾರಿಯಲ್ಲಿ ಇಳಿಸಿದ. ಬಸ್ಸಿನ ಕಿಟಕಿಗಳಿಂದ ಗುರುತಿನವರೇ ಇಣುಕಿ ನೋಡುತ್ತಿದ್ದರು. ನೀರ್ ಸಾಹೇಬರು ರಸ್ತೆ ಬದಿಯಲ್ಲಿ ಬಾಟಲಿ ಚೆಲ್ಲಿ, ಐದು ಮೈಲಿ ನಡೆದು ಮನೆಗೆ ಬಂದರು.

ಹದಿನೈದು ದಿನ ಕಳೆದ ಮೇಲೆ ಎರಡನೇ ಬಾಟಲಿ ಹಿಡಿದು ಮನೆಯಿಂದ ಹೊರಟೆ. ಹಳ್ಳದ ಕಡೆ ತಿರುಗಲಿಲ್ಲ. ಬಸ್ ಸ್ಟಾಪಿನ ಪಕ್ಕದ ಬೋರ್‌ವೆಲ್ ಓಡುತ್ತಿತ್ತು. ಅದರ ಪೈಪಿಗೆ ಬಾಟಲಿ ಹಿಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಹೇಳಿದ್ದರಲ್ಲ ಎಂದು ಆ ನೀರಿನಲ್ಲೂ ಮೂರು ಸಲ ತೊಳೆದೆ. ಗುಳ್ಳೆ ಇಲ್ಲದ ಹಾಗೆ ತುಂಬಿದೆ. ಎರಡೂ ಮುಚ್ಚಳ ಬಿಗಿದೆ. ಚೀಟಿಯಲ್ಲಿ 'ಹಳ್ಳ, ಅಳತೆ ಪಟ್ಟಿಯ ಹತ್ತಿರ' ಎಂದು ದುಂಡಗೆ ಬರೆದು ಅಂಟಿಸಿದೆ. ಕಚೇರಿಯಲ್ಲಿ ಬಾಟಲಿಯನ್ನು ಬೆಳಕಿಗೆ ಹಿಡಿದು, "ಪರವಾಗಿಲ್ಲ, ಒಳ್ಳೆ ತಿಳಿ ಇದೆ" ಎಂದರು. ಎಲ್ಲರಿಗಿಂತ ಅಚ್ಚುಕಟ್ಟಾಗಿ ತರುತ್ತೀಯ ಎಂದು ಹೊಗಳಿದರು ಕೂಡ. ಸಾಹೇಬರಿಗೆ ಬೇರೆ ಹಳ್ಳಗಳ ಕೆಲಸ ಬಿದ್ದು, ನಮ್ಮ ಕಡೆ ಬರುವುದು ಆಗ ಅಪರೂಪವಾಗಿತ್ತು.

ಆ ವರ್ಷ ನಮ್ಮ ಹುಳ ಸಾಯಲು ಶುರುವಾಯಿತು. ಊರಿನ ಬೇರೆ ಹಿಪ್ಪುನೇರಳೆ ತೋಟಗಳಿಗೆಲ್ಲ ಬೋರ್‌ವೆಲ್ ನೀರು. ಹಳ್ಳಕ್ಕೆ ಪಂಪು ಇಟ್ಟಿದ್ದವರು ನಾವೊಬ್ಬರೇ. ಕಿತ್ತು ತಂದ ಸೊಪ್ಪು ಬಾಡದಿರಲಿ ಎಂದು ಅದರ ಮೇಲೆ ಚಿಮುಕಿಸುತ್ತಿದ್ದದ್ದೂ ಅದೇ ನೀರು. ನಾಲ್ಕನೇ ಜ್ವರ ಎದ್ದು, ಎಂದರೆ ನಾಲ್ಕನೇ ಸಲ ಪೊರೆ ಕಳಚಿ, ಇನ್ನೇನು ವಾರದಲ್ಲಿ ಗೂಡು ಕಟ್ಟಬೇಕಾದ ಹುಳಗಳು ತಲೆ ಎತ್ತಿ ಅಲ್ಲಾಡಿಸುತ್ತಾ ಹಸಿರು ರಸ ಕಕ್ಕಿ, ತಟ್ಟೆಯಲ್ಲೇ ಸುರುಟಿಕೊಂಡವು. ಒಂದು ಬೆಳೆ ಹೋಯಿತು. ಇನ್ನೊಂದೂ ಹೋಯಿತು. ಅಕ್ಕ ಸತ್ತ ಹುಳಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕುತ್ತಿದ್ದಳು, ನೋವಾದೀತು ಎಂಬ ಹಾಗೆ.

ಮೂರನೇ ಬೆಳೆ ಹಾಕುವ ಮುಂಚೆ ಅವಳು ಹಳ್ಳದ ಹತ್ತಿರ ಬಂದಳು. ನಾನು ಪಟ್ಟಿ ಉಜ್ಜುತ್ತಿದ್ದೆ.

"ಲೇ, ಈ ನೀರು ನಂಗ್ಯಾಕೋ ಸರಿ ಕಾಣಾಕಿಲ್ಲ. ನಿನ್ ಬಾಟ್ಲಿ ಪರೀಕ್ಷೆಲಿ ಏನಂತಾರೆ?"

ನಾನು ಅವಳ ಮುಖ ನೋಡದೆ, "ಚೆನ್ನಾಗೈತೆ ಅಂತಾರೆ ಕಣಕ್ಕ" ಎಂದೆ.

"ನಿಜ್ವಾಗ್ಲೂ?"

"ಕಾಗದಾನೇ ಕೊಟ್ಟವ್ರೆ."

ಅದು ಸುಳ್ಳಲ್ಲ, ಕಾಗದ ಇತ್ತು. ಸಂಜೆ ಅವ್ವನ ಮುಂದೆ ಅದನ್ನು ಓದು ಎಂದಳು. ನನಗೆ ಬಂದಷ್ಟು ಓದಿದೆ: ಹಳ್ಳ, ಅಳತೆ ಪಟ್ಟಿಯ ಹತ್ತಿರ. ದೋಷ ಕಂಡುಬಂದಿಲ್ಲ. ಅಕ್ಕ ಕಾಗದವನ್ನು ಕೈಗೆ ತೆಗೆದುಕೊಂಡು, ತಾನು ಗುರುತು ಹಿಡಿಯಬಲ್ಲ ಅಂಕಿಗಳ ಮೇಲೆ ಬೆರಳಾಡಿಸಿದಳು. ಅಂಕಿ ಎಂದರೆ ಅವಳಿಗೆ ಯಾರಾದರೂ ಹಳ್ಳಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿದ್ದು. ತನ್ನ ಮೂಗನ್ನು ಬಿಟ್ಟು ನನ್ನ ಕಾಗದವನ್ನು ನಂಬಿದಳು. ಮಡಚಿ ನನ್ನ ಕೈಗೆ ವಾಪಸು ಕೊಟ್ಟಳು. "ನೀರಲ್ಲಿ ತಪ್ಪಿಲ್ಲ ಅಂದ್ಮೇಲೆ ಇನ್ನೇನು" ಎಂದು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು.

ಆ ಕ್ಷಣದಲ್ಲಿ ಹೇಳಬಹುದಿತ್ತು. ನಾಳೆಯೇ ನಿಜವಾದ ಬಾಟಲಿ ತುಂಬಿಬಿಡೋಣ ಎಂದುಕೊಂಡೆ. ಆದರೆ ಇಷ್ಟು ದಿನ ತಿಳಿಯಾಗಿದ್ದ ನೀರು ಒಂದೇ ಸಲಕ್ಕೆ ಕೆಟ್ಟರೆ ಸಾಹೇಬರು ಕೇಳುತ್ತಾರೆ, ಹಿಂದಿನ ಬಾಟಲಿಗಳೆಲ್ಲ ಹೊರಗೆ ಬರುತ್ತವೆ. ಕೆಲಸ ಹೋಗುತ್ತದೆ, ಊರು ನಗುತ್ತದೆ. ಆ ಬಸ್ಸಿನ ನಗು ಇನ್ನೂ ಕಿವಿಯಲ್ಲಿತ್ತು. ಮತ್ತೆ ಬೋರ್‌ವೆಲ್‌ಗೇ ಹೋದೆ.

ಮೂರನೇ ಬೆಳೆಯೂ ಹೋದ ಮೇಲೆ ಅವ್ವ ಅಕ್ಕನಿಗೆ ಹೇಳಿದಳು: "ಇನ್ಮ್ಯಾಕೆ ನೀನು ಹುಳದ ಮನೆ ಹೊಸ್ಲು ತುಳಿಬ್ಯಾಡ ಕಣವ್ವ. ಗಂಡ ಬಿಟ್ಟೋಳ ಕೈ ಅಂತ ಮೊದ್ಲೇ ನಾಕು ಜನ ಅಂದಿದ್ರು. ನಾನೇ ಕಿವೀಗ್ ಹಾಕ್ಕಳ್ಳಿಲ್ಲ." ಅವ್ವ ಕೆಟ್ಟವಳಲ್ಲ. ಹೇಳುವಾಗ ಅವಳೂ ಅಳುತ್ತಿದ್ದಳು. ಆಚೆ ಬೀದಿಯವರೂ ಮೊದಲ ಸೊಪ್ಪಿಗೆ ಕರೆಯುವುದನ್ನು ಬಿಟ್ಟರು.

ಇದಕ್ಕಿಂತ ದೊಡ್ಡ ತಪ್ಪನ್ನು ನಾನು ಆಮೇಲೆ ಮಾಡಿದೆ. ಮುಂದಿನ ಬೆಳೆಗೆ ಮುಂಚೆ, ಪಂಪು ಕೆಟ್ಟಿದೆ ಎಂದು ಅವ್ವನಿಗೆ ಹೇಳಿದೆ. ಕೆಟ್ಟಿರಲಿಲ್ಲ. ಪಕ್ಕದ ಹೊಲದಾತನನ್ನು ಬೇಡಿಕೊಂಡು ಅವನ ಬೋರ್‌ವೆಲ್ ನೀರನ್ನು ನಮ್ಮ ತೋಟಕ್ಕೆ ತಿರುಗಿಸಿದೆ. ಹುಳ ಉಳಿಯಲಿ ಎಂದು ಮಾಡಿದೆ. ಹುಳ ಉಳಿದವು. ಗೂಡು ಕಟ್ಟಲು ಹುಳ ಬಿಡುವ ಬಿದಿರಿನ ಚಂದ್ರಂಕಿ ತುಂಬ ಹೊಳೆಯುವ ಹಳದಿ ಗೂಡು. ಅವ್ವ ಅದನ್ನು ನೋಡಿ, "ಕಂಡ್ಯಾ? ಅವ್ಳು ಒಳೀಕೆ ಬರ್ದೆ ಇದ್ದಿದ್ದಕ್ಕೆ ಎಂಗ್ ಬಂದೈತೆ ಬೆಳೆ" ಎಂದಳು. ಅಕ್ಕ ಅಂಗಳದಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು. "ಒಳ್ಳೇದಾಯ್ತು ಬುಡವ್ವ" ಎಂದಳು. ನೀರು ಬದಲಾಯಿಸಿದ್ದು ನಾನು. ಅದು ಅಕ್ಕನ ಮೇಲೆ ಸಾಕ್ಷಿಯಾಗಿ ನಿಂತಾಗಲೂ ಸುಮ್ಮನಿದ್ದೆ.

ಮುಂದಿನ ತಿಂಗಳಿಂದ ಅಕ್ಕ ಬಟ್ಟೆ ಹೊಲಿಯುವ ಫ್ಯಾಕ್ಟರಿಯ ವ್ಯಾನು ಹತ್ತಿದಳು. ಬೆಳಿಗ್ಗೆ ಏಳಕ್ಕೆ ಊರ ಬಾಗಿಲಿಗೆ ಬರುತ್ತಿತ್ತು. ನೂರಾರು ಮೆಷೀನುಗಳ ನಡುವೆ ನಿಂತು ಅಂಗಿಗಳ ದಾರದ ತುದಿ ಕತ್ತರಿಸುವ ಕೆಲಸ. ಸಂಜೆ ಬಂದು, "ನೀರೆಷ್ಟೈತ್ಲಾ ಇವತ್ತು?" ಎಂದು ಕೇಳುವುದನ್ನು ಮಾತ್ರ ಬಿಡಲಿಲ್ಲ.

ಅದೇ ವರ್ಷದ ಕೊನೆಯಲ್ಲಿ ಕಚೇರಿಯವರು ಒಂದು ಹೊಸ ಯಂತ್ರ ತಂದರು. ಪೆನ್ನಿನಂಥ ಕಡ್ಡಿಯನ್ನು ನೀರಿಗೆ ಇಳಿಸಿದರೆ ಅಲ್ಲೇ ಅಂಕಿ ಮೂಡುತ್ತಿತ್ತು; ಅಂಕಿ ಹೆಚ್ಚಿದಷ್ಟೂ ನೀರು ಕೆಟ್ಟಿದೆ ಎಂದರ್ಥ. ನಮ್ಮ ಹಳ್ಳಕ್ಕೆ ಇಳಿಸಿದಾಗ ಅಂಕಿ ಏರಿತು, ಏರುತ್ತಲೇ ಹೋಯಿತು. ಸಾಹೇಬರು ನನ್ನ ಕಡೆ ತಿರುಗಿ, "ಹೋದ ತಿಂಗಳು ಚೆನ್ನಾಗಿತ್ತಲ್ಲಪ್ಪ?" ಎಂದರು. "ಈಗೀಗ ಕೆಟ್ಟಿದೆ ಸಾರ್" ಎಂದೆ. ಅವರು ನಂಬಿದರು. ಮನೆಯಲ್ಲೂ ಅದನ್ನೇ ಹೇಳಿದೆ. ಶೆಡ್ಡಿನವರಿಗೆ ನೋಟೀಸು ಹೋಯಿತು, ಮೋರಿ ನಿಂತಿತು. ಬಾಟಲಿಯ ಕೆಲಸವೂ ನಿಂತಿತು. ಎಲ್ಲ ಸರಿಹೋಯಿತು, ಅಕ್ಕನ ವಿಷಯ ಒಂದನ್ನು ಬಿಟ್ಟು. ಅವ್ವ ನಿಜ ತಿಳಿಯದೆಯೇ ತೀರಿಕೊಂಡಳು.

ನನಗೆ ಮದುವೆಯಾಯಿತು. ಹೆಂಡತಿ ಹುಳ ಸಾಕುವುದನ್ನು ಕಲಿತಳು. ಅಕ್ಕ ಭಾನುವಾರ ಮನೆಯಲ್ಲಿರುವಾಗ ತೋಟದಿಂದ ಸೊಪ್ಪು ತಂದು ಹುಳದ ಮನೆಯ ಹೊರಗೆ ಇಡುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಮರಿಹುಳ ಬಂದಿದ್ದವು. ನಾನು ಹಳ್ಳದಿಂದ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದೆ. ಅಕ್ಕ ಎಳೆ ಸೊಪ್ಪಿನ ಬುಟ್ಟಿಯನ್ನು ಹೊಸಿಲಿನ ಈಚೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ತಗಳವ್ವ," ಎಂದು ಒಳಗಿದ್ದ ನನ್ನ ಹೆಂಡತಿಗೆ ಹೇಳಿದಳು. "ನಾನು ಸೊಪ್ಪು ಮುಟ್ಟಿಲ್ಲ. ಕುಡುಗೋಲಲ್ಲೇ ಕುಯ್ದು, ಬಟ್ಟೇಲಿ ಹಿಡ್ಕೊಂಡು ಬುಟ್ಟಿಗೆ ಹಾಕಿವ್ನಿ. ಕೈ ತಾಕಿಲ್ಲ."

ಅವಳ ಎರಡೂ ಕೈಗಳಿಗೆ ಹಳೇ ಬಟ್ಟೆ ಸುತ್ತಿತ್ತು. ಆರು ವರ್ಷದಿಂದ ಹೀಗೆಯೇ ಸೊಪ್ಪು ತರುತ್ತಿದ್ದಳಂತೆ. ನಾನು ಅವತ್ತೇ ಗಮನಿಸಿದ್ದು. ದಿನಾ ಎರಡು ಹೊತ್ತು ಗೆರೆ ನೋಡುತ್ತಿದ್ದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಹತ್ತಿರ ಹೋಗಿ ಆ ಬಟ್ಟೆ ಬಿಚ್ಚತೊಡಗಿದೆ. "ಏನ್ಲಾ ಮಾಡ್ತಿದ್ದೀಯ?" ಎಂದಳು. ನಾನು ತಲೆ ತಗ್ಗಿಸಿಕೊಂಡೇ ಮೆಲ್ಲಗೆ ಹೇಳತೊಡಗಿದೆ, ಬಾಟಲಿ ಎಂದೆ, ಬೋರ್‌ವೆಲ್ ಎಂದೆ.

"ಗೊಣಗಬ್ಯಾಡ ಕಣ್ಲಾ. ಫ್ಯಾಕ್ಟ್ರಿ ಸದ್ದಿಗೆ ನಂಗೆ ಕಿವಿ ಒಸಿ ಮಂದ ಆಗೈತೆ. ಏನಿದ್ರೂ ಜೋರಾಗಿ ಹೇಳು."

ಹೆಂಡತಿ ಬಾಗಿಲಿಗೆ ಬಂದಿದ್ದಳು. ಬೀದಿಯಲ್ಲಿ ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದ ಪಕ್ಕದ ಹೊಲದಾತ ನಿಂತು ನೋಡುತ್ತಿದ್ದ. ಇರಲಿ, ಅವರಿಗೂ ಕೇಳಲಿ ಎನಿಸಿತು. ಅಕ್ಕನ ಬರಿಗೈಗಳನ್ನು ಹಿಡಿದುಕೊಂಡು, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದೆ:

"ಅಕ್ಕ, ಹುಳ ಸತ್ತಿದ್ದು ನಿನ್ ಕೈಯಿಂದಲ್ಲ. ಹಳ್ಳದ ನೀರಿಂದ. ನೀನು ಕೇಳ್ದಾಗ್ಲೇ ನಂಗೊತ್ತಿತ್ತು. ಬಾಟ್ಲಿಗೆ ನಾನು ಬೋರ್‌ವೆಲ್ ನೀರು ತುಂಬಿ, ಹಳ್ಳದ್ದು ಅಂತ ಬರ್ದು ಕೊಟ್ಟಿದ್ದೆ. ಆಮೇಲೆ ಬೆಳೆ ಬಂದಿದ್ದು ನೀನು ಹೊರ್ಗಡೆ ನಿಂತಿದ್ದಕ್ಕಲ್ಲ, ನಾನು ನೀರು ಬದಲಾಯಿಸಿದ್ದಕ್ಕೆ. ಅವ್ವಂಗೂ ಹೇಳ್ಲಿಲ್ಲ, ನಿಂಗೂ ಹೇಳ್ಲಿಲ್ಲ. ನಿನ್ ಕೈಯಲ್ಲಿ ಯಾವ ತಪ್ಪೂ ಇರ್ಲಿಲ್ಲ ಕಣಕ್ಕ. ತಪ್ಪು ನಂದು. ನನ್ನ ಕ್ಷಮಿಸ್ಬುಡು."